ಕಿಟಕಿ ಪಕ್ಕದ ಸೀಟು

ವಿಮಾನ ನಿಲ್ದಾಣದೊಳಗೆ ಟಿಕೆಟ್ ಇದ್ದವರನ್ನು ಮಾತ್ರ ಬಿಡುತ್ತಿದ್ದರು. ತಂಗಿಯ ಬಳಿ ಟಿಕೆಟ್ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ನರ್ಸಿಂಗ್ ಓದಲು ಸೇರಿದ್ದಳು. ಹಾಸ್ಟೆಲಿನಲ್ಲಿ ಮಗುವನ್ನು ಇಟ್ಟುಕೊಳ್ಳುವಂತಿರಲಿಲ್ಲ. ಓದು ಮುಗಿಯುವವರೆಗೆ ಮಗಳು ದಿಲ್ಲಿಯಲ್ಲಿ ಅಕ್ಕನ ಮನೆಯಲ್ಲಿರಲಿ ಎಂದು ಮಾತಾಗಿತ್ತು.

ಕಾರಿನಲ್ಲಿ ಮಕ್ಕಳನ್ನು ಕೂರಿಸುವ ಹೊಸ ಸೀಟನ್ನು ಅಕ್ಕ ಟ್ರಾಲಿಯ ಮೇಲಿಟ್ಟು, ಮಗುವನ್ನು ಅದರಲ್ಲಿ ಕೂರಿಸಿ ಬೆಲ್ಟ್ ಬಿಗಿದಳು.

"ವಿಮಾನದಲ್ಲೂ ಇದರಲ್ಲೇ ಕೂತ್ಕೋತಾಳೆ. ಕಿಟಕಿ ಪಕ್ಕ, ಅವಳದ್ದೇ ಬೇರೆ ಟಿಕೆಟ್."

"ತೊಡೆ ಮೇಲೆ ಕೂರಿಸ್ಕೊಂಡಿದ್ರೆ ಆಗ್ತಿರ್ಲಿಲ್ವೇನಕ್ಕಾ? ಅಮ್ಮ ನಮ್ಮನ್ನ ಬಸ್ಸಲ್ಲಿ ಹಂಗೇ ತಾನೇ ಕರ್ಕೊಂಡು ಓಡಾಡಿದ್ದು?"

"ಅದಕ್ಕೇ ನಿನ್ನ ಹಣೇಲಿ ಆ ಗಾಯದ ಗುರುತು!"

ತಂಗಿ ನಕ್ಕಳು. ನಗು ಮುಗಿಯುವ ಮೊದಲೇ ಅಳು ಬಂತು.

"ದಿನಾ ನನ್ನ ಫೋಟೋ ತೋರಿಸಕ್ಕಾ. ಇಲ್ದಿದ್ರೆ ಮರೆತುಬಿಡ್ತಾಳೆ."

"ತೋರಿಸ್ತೀನಿ ಕಣೇ ಹುಚ್ಚಿ. ಮೊದ್ಲು ಮೂಗು ಒರೆಸ್ಕೋ, ಜನ ನೋಡ್ತಿದಾರೆ."

"ಒಂದೇ ಒಂದ್ಸಲ ಎತ್ಕೊಳ್ಲಾ?"

"ಬೇಡ, ಈಗಷ್ಟೇ ಬೆಲ್ಟ್ ಹಾಕಿದೀನಿ. ಬಿಚ್ಚಿದ್ರೆ ಮತ್ತೆ ಕೂರಲ್ಲ, ರಂಪ ಮಾಡ್ತಾಳೆ."

ತಂಗಿ ಬಗ್ಗಿ ಬೆಲ್ಟಿನ ಮೇಲಿಂದಲೇ ಮಗಳ ಹೊಟ್ಟೆಗೆ ಮುತ್ತು ಕೊಟ್ಟಳು. ಮಗು ಅವಳ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಅಕ್ಕ ಮೆಲ್ಲಗೆ ಆ ಬೆರಳುಗಳನ್ನು ಬಿಡಿಸಿದಳು.

ಬಾಗಿಲಲ್ಲಿದ್ದ ಪೊಲೀಸಿನವನು ಟಿಕೆಟ್ ನೋಡಿ ಒಳಗೆ ಬಿಟ್ಟ. ಗಾಜಿನ ಆಚೆಗೆ ಹೋಗುವ ಮೊದಲು ಅಕ್ಕ ಟ್ರಾಲಿಯನ್ನು ತಂಗಿಯ ಕಡೆಗೆ ತಿರುಗಿಸಿ, ಮಗುವಿನ ಕೈ ಎತ್ತಿ ಆಡಿಸಿದಳು.

"ಟಾಟಾ ಮಾಡು ಬಂಗಾರೀ. ಚಿಕ್ಕಮ್ಮಂಗೆ ಟಾಟಾ ಮಾಡು."