ಎರಡು ಕಟ್ಟು ಬೀಡಿ

ನನ್ನ ಸಿನಿಮಾದ ಶೂಟಿಂಗ್‌ಗೆ ತರಿಸಿದ ಬೀಡಿ ಕಟ್ಟುವ ಮೊರದಿಂದ ಹೊಗೆಸೊಪ್ಪಿನ ಘಾಟು ಏಳುತ್ತಿದೆ, ಎಪ್ಪತ್ತರ ದಶಕದ ವೇಣೂರಿನಲ್ಲಿ ಹೆಂಗಸರು ಮನೆಯಲ್ಲಿ ಕಟ್ಟಿದ ಬೀಡಿ ತಂದು ಒಪ್ಪಿಸುತ್ತಿದ್ದ ಬೀಡಿ ಬ್ರಾಂಚಿನಲ್ಲಿದ್ದ ಅದೇ ಘಾಟು.

ಆಗ ನನಗೆ ಎಂಟು ವರ್ಷ. ಅಮ್ಮನಿಗೆ ಜ್ವರವೆಂದು ಎರಡು ಕಟ್ಟು ಬೀಡಿಯನ್ನು ನಾನೇ ಕಟ್ಟಿ, ಅವಳಿಗೆ ಹೇಳದೆ ಬುಟ್ಟಿಗೆ ಸೇರಿಸಿದ್ದೆ. ಮಧ್ಯಾಹ್ನ ಅಮ್ಮನ ಜೊತೆ ಬ್ರಾಂಚಿಗೆ ಹೋದಾಗ ಬೀಡಿ ಪರೀಕ್ಷಿಸುವವರು ಅವನ್ನೇ ಎತ್ತಿಕೊಂಡು ಹಿಸುಕಿದರು. ನೂಲು ಜಾರಿ ಹುಡಿ ಉದುರಿತು.

"ಇದು ಯಾರು ಕಟ್ಟಿದ್ದು ಮಾರಾಯ್ತಿ? ಕೈ ಉಂಟಾ ಇಲ್ವಾ?"

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಅಮ್ಮ ನನ್ನತ್ತ ತಿರುಗಲೂ ಇಲ್ಲ.

"ನಾನೇ ಅಣ್ಣ. ಜ್ವರ ಇತ್ತು," ಎಂದಳು.

ಅವರು ಒಂದೊಂದೇ ಬೀಡಿ ಮುರಿದು ಅವಳ ಕಾಲ ಬಳಿ ಎಸೆದರು. ನಾನು ಅವಳ ಸೆರಗು ಹಿಡಿದು ಸುಮ್ಮನೆ ನಿಂತಿದ್ದೆ. ಮನೆಯ ಮೆಟ್ಟಿಲು ಹತ್ತುವಾಗ ಅಮ್ಮ, "ನೂಲು ಬಿಗಿಯಾಗಿ ಎಳೀಬೇಕು ಮಗಾ. ನಾಳೆ ಕಲಿಸ್ತೇನೆ," ಎಂದಳು. ಅಷ್ಟೇ.

ನಾನು ಬರೆದ ಚಿತ್ರಕಥೆಯಲ್ಲೂ ಎಂಟು ವರ್ಷದ ಆ ಹುಡುಗಿಗೆ ಮಾತಿರಲಿಲ್ಲ. ಇವತ್ತು ಬೆಳಿಗ್ಗೆ ಆ ಪುಟ ಹರಿದು ಹಾಕಿ, ನನ್ನ ಪಾತ್ರ ಮಾಡುವ ಹುಡುಗಿಯನ್ನು ಕರೆದೆ.

"ಅಮ್ಮ ಬಾಯಿ ತೆರೆಯುವ ಮೊದಲು ನೀನು ಮುಂದೆ ಬಂದು, 'ನಾನು ಕಟ್ಟಿದ್ದು' ಅಂತ ಹೇಳ್ಬೇಕು."

"ಎಷ್ಟು ಜೋರಾಗಿ, ಮೇಡಂ?"

"ಸಾಲಿನ ಕೊನೆಯಲ್ಲಿ ನಿಂತವರಿಗೂ ಕೇಳ್ಬೇಕು."