ಹಿರಿಯರ ಸಹಿ

ಈ ಸಲ ಸಹಿ ಹಾಕಿಸಿಕೊಳ್ಳದೆ ಮೆಟ್ಟಿಲಿಳಿಯುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಅವಳು ಹಿರಿಯ ವಕೀಲರ ಕಚೇರಿಗೆ ಬಂದಳು. ಕೈಚೀಲದಲ್ಲಿದ್ದ ಹಾಳೆಯಲ್ಲಿ ಎರಡೇ ಸಾಲು: ‘ಆರೋಗ್ಯದ ಕಾರಣದಿಂದ ನಾನು ವೃತ್ತಿ ನಿಲ್ಲಿಸುತ್ತಿದ್ದೇನೆ. ನನ್ನ ಕಕ್ಷಿದಾರರು ಬೇರೆ ವಕೀಲರನ್ನು ನೇಮಿಸಿಕೊಳ್ಳಲು ನನ್ನ ಅಭ್ಯಂತರವಿಲ್ಲ.’ ಬಾಗಿಲಲ್ಲೇ ನಿಂತಿದ್ದ ಮುದಿ ಗುಮಾಸ್ತ ದನಿ ತಗ್ಗಿಸಿ, “ಬೆಳಗ್ಗೆಯಿಂದ ಚೆನ್ನಾಗೇ ಇದ್ದಾರೆ ಮೇಡಂ. ಕೇಳೋದಿದ್ರೆ ಈಗ್ಲೇ ಕೇಳ್ಬಿಡಿ” ಎಂದು ಒಳಗೆ ಬಿಟ್ಟ.

ವಕೀಲರ ಸಂಘದಲ್ಲಿ ಕ್ರೀಡಾ ಸಮಿತಿಗೆ, ಪ್ರವಾಸ ಸಮಿತಿಗೆ ಅಧ್ಯಕ್ಷರಾಗಲು ನೂಕುನುಗ್ಗಲು. ನೆರವು ಸಮಿತಿ ಎಂದರೆ ಮಾತ್ರ ಎಲ್ಲರಿಗೂ ಅಂದೇ ಬೇರೆ ಕೆಲಸ ನೆನಪಾಗುತ್ತದೆ. ಕುಡಿತಕ್ಕೆ ಬಿದ್ದ, ಹಾಸಿಗೆ ಹಿಡಿದ, ಮರೆವು ಕವಿದ ವಕೀಲರ ಮನೆಗೆ ಹೋಗಿ, ಬೈಸಿಕೊಂಡು, ಕೇಸುಗಳನ್ನು ಬೇರೆಯವರಿಗೆ ದಾಟಿಸುವ ಬಿಟ್ಟಿ ಚಾಕರಿ ಅದು. ಎರಡು ವರ್ಷದ ಹಿಂದೆ ಅದರ ಅಧ್ಯಕ್ಷಗಿರಿಯನ್ನು ಅವಳ ಕೊರಳಿಗೆ ಕಟ್ಟಿದ್ದರು. ಅವಳು ಯಾರ ಮುಲಾಜೂ ನೋಡದೆ ಕೆಲಸ ಮಾಡಿದಳು, ಒಬ್ಬರ ವಿಷಯದಲ್ಲಿ ಬಿಟ್ಟು. ಹಿರಿಯರು ತಾರೀಖು ಮರೆತು ಒಬ್ಬ ನಿವೃತ್ತ ನರ್ಸಿನ ದಾವೆ ವಜಾ ಆಯಿತೆಂದು ಎಂಟು ತಿಂಗಳ ಹಿಂದೆ ದೂರು ಬಂದಿತ್ತು. ಅವಳಿಗೆ ವಕೀಲಿಕೆಯ ಅ ಆ ಇ ಈ ಕಲಿಸಿದವರು ಅವರು. ಅವತ್ತೂ ಇದೇ ಕೋಣೆಗೆ ಬಂದಿದ್ದಳು. ಟೀ ಕುಡಿದು, ಹಳೆಯ ಕೇಸುಗಳ ಕಥೆ ಕೇಳಿ ನಕ್ಕು ಹೋಗಿದ್ದಳು. ದೂರಿನ ಮೇಲೆ ‘ಮೌಖಿಕವಾಗಿ ತಿಳಿಹೇಳಲಾಗಿದೆ’ ಎಂದು ಬರೆದು ಕಡತ ಮುಚ್ಚಿದ್ದಳು.

ಹೋದ ತಿಂಗಳು ಹಿರಿಯರು ಕೋರ್ಟಿನಲ್ಲಿ ಎದ್ದುನಿಂತು ಮುಕ್ಕಾಲು ಗಂಟೆ ಅದ್ಭುತವಾಗಿ ವಾದಿಸಿದ್ದರು. ಹಳೆಯ ತೀರ್ಪುಗಳೆಲ್ಲ ಪುಟಸಂಖ್ಯೆ ಸಮೇತ ಬಾಯಲ್ಲಿದ್ದವು. ತಾವು ಯಾರ ವಕೀಲರು ಎಂಬುದೊಂದು ಮರೆತಿತ್ತು. ಅಂಗಡಿ ಉಳಿಸಿಕೊಡಿ ಎಂದು ಬಂದಿದ್ದ ದರ್ಜಿ ಹೆಂಗಸಿನ ಪರ ನಿಂತವರು, ಅಂಗಡಿ ಖಾಲಿ ಮಾಡಿಸಲೇಬೇಕು ಎಂದು ಮಾಲೀಕನ ಪರ ವಾದಿಸಿಬಿಟ್ಟರು. ಎದುರು ವಕೀಲ ಏಳುವ ಕಷ್ಟವನ್ನೇ ತೆಗೆದುಕೊಳ್ಳಲಿಲ್ಲ. “ಇದೇ ನಿಮ್ಮ ವಾದವೇ?” ಎಂದು ನ್ಯಾಯಾಧೀಶರು ಎರಡು ಸಲ ಕೇಳಿದರಂತೆ. “ಇದೇ” ಎಂದರಂತೆ. ಮೊನ್ನೆ ಅಂಗಡಿಗೆ ಬೀಗ ಬಿತ್ತು. ಹೊರಗೆ ಹಾಕಿದ ಹೊಲಿಗೆ ಯಂತ್ರವನ್ನು ಆಕೆ ರಸ್ತೆಯಲ್ಲಿ ಇಟ್ಟುಕೊಂಡು ಕೂತಿದ್ದನ್ನು ಅಧ್ಯಕ್ಷೆ ಕಣ್ಣಾರೆ ನೋಡಿದ್ದಳು.

“ಬಾರಮ್ಮ, ಬಾ. ಆ ಫೈಲ್ ಎತ್ತಿ ಕೆಳಗಿಟ್ಟು ಕೂತ್ಕೋ” ಎಂದರು ಹಿರಿಯರು. ಮುಖ ಅರಳಿತ್ತು. “ನಿನ್ನ ಮದುವೆ ಮಾತು ಎಲ್ಲಿಗೆ ಬಂತು?”

ಅವಳ ಮಗಳು ಕಾಲೇಜು ಮುಗಿಸುವುದರಲ್ಲಿದ್ದಳು. “ನಡೀತಾ ಇದೆ ಸರ್” ಎಂದಳು. ಕೈ ಚೀಲದೊಳಗೆ ಹೋಯಿತು, ಹಾಳೆಯನ್ನು ಮುಟ್ಟಿತು, ಬರಿದಾಗಿಯೇ ಹೊರಗೆ ಬಂತು. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ. ಕೊನೆಗೆ ಅವಳ ಬಾಯಿಂದ ಹೊರಟಿದ್ದು ಬೇರೆಯೇ ಮಾತು: “ಒಂದು ವಿಷ್ಯದಲ್ಲಿ ನಿಮ್ಮ ಅಭಿಪ್ರಾಯ ಬೇಕಿತ್ತು ಸರ್. ಒಬ್ಬ ವಕೀಲರ ಮೇಲೆ ದೂರು ಬಂದಿದೆ.”

ಹಿರಿಯರು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. ಕೇಸು ಕೇಳುವಾಗ ಅವರು ಯಾವಾಗಲೂ ಹಾಗೆಯೇ. ದರ್ಜಿ ಹೆಂಗಸಿನ ಕಥೆಯನ್ನು ಅವಳು ಮೂರನೆಯವರದೆಂಬಂತೆ ಹೇಳಿ ಮುಗಿಸಿದಳು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇನ್ನು ತೀರ್ಪು ಅವರ ಬಾಯಿಂದಲೇ ಬರುತ್ತದೆ, ‘ಅಂಥವನು ನಾಳೆಯಿಂದ ಕೋರ್ಟ್ ಹತ್ತಬಾರದು’ ಎನ್ನುತ್ತಾರೆ, ಆಗ ಹಾಳೆ ಮುಂದಿಡುವುದು ಎಂದು ಲೆಕ್ಕ ಹಾಕಿದ್ದಳು. ಆ ಲೆಕ್ಕಕ್ಕೆ ಅವಳಿಗೇ ನಾಚಿಕೆಯಾಯಿತು.

“ಇದೇ ಮೊದಲ್ನೇ ದೂರಾ?” ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಅಲ್ಲ ಸರ್. ಎಂಟು ತಿಂಗಳ ಹಿಂದೆ ಇನ್ನೊಂದು ಬಂದಿತ್ತು.”

“ಸಮಿತಿ ಏನ್ ಮಾಡ್ತು?”

“ತಿಳಿಹೇಳಲಾಗಿದೆ ಅಂತ ಬರ್ದಿದ್ದಾರೆ.”

“ಬರ್ದಿದ್ದು ಕೇಳ್ಲಿಲ್ಲ. ಹೇಳಿದ್ರಾ?”

ಈ ದನಿಯ ಮುಂದೆ ಸುಳ್ಳು ಹೇಳಿ ಬಚಾವಾದ ಸಾಕ್ಷಿಯನ್ನು ಅವಳು ಇಂದಿನವರೆಗೆ ಕಂಡಿರಲಿಲ್ಲ. “ಇಲ್ಲ” ಎಂದಳು. “ಆ ವಕೀಲರ ಮೇಲೆ ತುಂಬಾ ಗೌರವ ಇತ್ತು ಸರ್. ನೋಯಿಸ್ಬಾರ್ದು ಅಂತ...”

“ಗೌರವ!” ಹಿರಿಯರು ಕಣ್ಣು ಬಿಟ್ಟರು. “ಅಂಗಡಿ ಕಳ್ಕೊಂಡೋಳು ಆ ಗೌರವ ತಗೊಂಡು ಏನಮ್ಮ ಹೊಲೀಬೇಕು?”

ಹೊರಗೆ ಗುಮಾಸ್ತ ಸುಮ್ಮನೆ ಕೆಮ್ಮಿದ. ಹಿರಿಯರು ಮೇಜಿನ ಮೇಲಿದ್ದ ಹಾಳೆಗಳ ಕಟ್ಟನ್ನು ಹತ್ತಿರ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

“ಆ ಮುದುಕನ್ನ ಬಿಡು, ಪಾಪ. ಮರ್ತಿದ್ದು ಅವನಿಗೇ ಗೊತ್ತಿರಲ್ಲ. ಎಲ್ಲಾ ಗೊತ್ತಿದ್ದೂ ಎಂಟು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಲ್ಲ, ಆ ಸಮಿತಿ ಅಧ್ಯಕ್ಷರು, ಮೊದ್ಲು ಅವರನ್ನ ಕಟಕಟೆ ಹತ್ತಿಸ್ಬೇಕು. ಹೇಳಮ್ಮ, ಬರ್ಕೋತೀನಿ. ಏನವರ ಹೆಸರು?”