ಬಂಡೆ ಪಕ್ಕದ ಆಟೋ

ಎರಡು ಸೂರ್ಯರಿರುವ ಗ್ರಹವೊಂದರ ಚಿತ್ರವನ್ನು ಮೌಳಿಯಣ್ಣ ತಾರಾಲಯಕ್ಕಾಗಿ ಮೂರು ತಿಂಗಳು ಕೂತು ಕಂಪ್ಯೂಟರಿನಲ್ಲಿ ಬಿಡಿಸಿದ್ದ. ನಾನು ಅವನ ಜೊತೆಗಾರ. ತಮಾಷೆಗೆಂದು ಒಂದು ಬಂಡೆಯ ಪಕ್ಕ ಸಾಸಿವೆಯಷ್ಟು ಆಟೋ ನಿಲ್ಲಿಸಿದ್ದೆ. ಅಳಿಸುವುದು ಮರೆತೇಹೋಗಿತ್ತು.

ಈಗ ಚಿತ್ರ ಪರೀಕ್ಷಿಸಲು ಬಂದ ತಾರಾಲಯದ ವಿಜ್ಞಾನಿ ಮೇಡಂ ಅದನ್ನು ಪರದೆಯ ಮೇಲೆ ಹಿಗ್ಗಿಸುತ್ತಾ ಅದೇ ಬಂಡೆಯತ್ತ ಬರುತ್ತಿದ್ದರು. ಅವರು ಒಪ್ಪದಿದ್ದರೆ ಅಣ್ಣನ ಶ್ರಮವೆಲ್ಲ ಮಣ್ಣುಪಾಲು.

"ಅಣ್ಣಾ, ಕ್ಲೈಮ್ಯಾಕ್ಸ್ ಬಂತು. ನಾನೇ ವಿಲನ್ನು," ಎಂದೆ.

"ಏನೋ ಮಾಡಿದೀಯ?"

"ಆ ಬಂಡೆ ಪಕ್ಕ ಒಂದು ಆಟೋ ಇದೆ."

"ಹಾಳಾದೋನೆ! ಅಷ್ಟು ದೂರ ಯಾವ ಆಟೋನೋ ಬರುತ್ತೆ?"

"ಡಬಲ್ ಮೀಟರ್ ಕೊಟ್ರೆ ಬರ್ತಾರಣ್ಣ."

ಮೇಡಂ ಬೆರಳು ನಿಂತಿತು.

"ಈ ಆಟೋ ಯಾರು ಬಿಡಿಸಿದ್ದು?"

ನಾನು ಕೈಯೆತ್ತಿದೆ. "ತಪ್ಪಾಯ್ತು ಮೇಡಂ. ಅಣ್ಣಂಗೆ ಗೊತ್ತೇ ಇರ್ಲಿಲ್ಲ."

"ಇದಕ್ಕೆ ಎರಡು ನೆರಳು ಯಾಕೆ ಹಾಕ್ದೆ?"

"ಸೂರ್ಯ ಎರಡಿದಾವಲ್ಲ ಮೇಡಂ..."

ಅವರು ಮೌಳಿಯಣ್ಣನ ಕಡೆ ತಿರುಗಿದರು.

"ನಿಮ್ಮ ಬಂಡೆಗೆಲ್ಲ ಒಂದೊಂದೇ ನೆರಳಿದೆ. ಇಡೀ ಚಿತ್ರದಲ್ಲಿ ಸರಿಯಾಗಿರೋದು ಈ ಆಟೋ ಒಂದೇ."